ಏಳು ಗುಂಟೆಯ ಟ್ರ್ಯಾಕ್ಟರ್

ವಾಕಡ, ಪುಣೆ
20 ಜೂನ್ 1999

ಅಣ್ಣಾ,

‘ಕರಿಯ ಮಣ್ಣಿನ ಮ್ಯಾಲ ಬಿಳಿಯ ಕೊಕ್ಕರೆ ಸಾಲು...’ ಇದರ ಮುಂದಿನದು ಏನಿತ್ತು? ಅಪ್ಪ ಹೊಲ ಹರಗುವಾಗ ಗುನುಗುತ್ತಿದ್ದದ್ದು. ಅಥವಾ ಅದು ಹಾಡೇ ಅಲ್ಲವೇನೋ. ಟ್ರ್ಯಾಕ್ಟರಿನ ಹಿಂದೆ ಹುಳ ಹೆಕ್ಕಲು ಬರುತ್ತಿದ್ದ ಕೊಕ್ಕರೆಗಳನ್ನು ನೋಡಿ ಅವನು ಒಂದು ಸಲ ಅಂದ ಮಾತಿಗೆ ನಾನೇ ಇಷ್ಟು ವರ್ಷ ರಾಗ ಹಚ್ಚಿಕೊಂಡು ಬಂದಿದ್ದೇನೋ. ಧಾರವಾಡದಲ್ಲಿ ಎಂ.ಎ. ಓದುವಾಗ ಪುಸ್ತಕಗಳಲ್ಲೆಲ್ಲ ಹುಡುಕಿದ್ದೆ. ಸಿಗಲಿಲ್ಲ. ಎಡ ಮಡ್‌ಗಾರ್ಡಿನ ಮೇಲೆ ನಾನು, ಬಲಗಡೆ ನೀನು ಕೂಡುತ್ತಿದ್ದೆವು. ನಿನಗೆ ನೆನಪಿದ್ದರೆ ಬರಿ.

ಟ್ರ್ಯಾಕ್ಟರ್ ಗುರುವಾರ ಬಂದು ಮುಟ್ಟಿತು. ಲಾರಿಯವನು ಕೀಲಿ ಕೈಗಿಟ್ಟ. “ಪತ್ರ ಏನರ ಕೊಟ್ಟಾರೇನಪಾ?” ಎಂದೆ. “ಇಲ್ರಿ ಅಕ್ಕಾರ, ಕೀಲಿ ಅಷ್ಟ ಕೊಟ್ಟಾರ,” ಎಂದ.

ಹೋದ ವರ್ಷ ನಾನು ಬರೆದದ್ದು ನೆನಪಿಟ್ಟೆಯಲ್ಲ, ಅದಕ್ಕೇ ಸಂತೋಷ. ದ್ರಾಕ್ಷಿ ತೋಟಕ್ಕೆ ನೀನು ಸಣ್ಣ ಟ್ರ್ಯಾಕ್ಟರ್ ತಂದಾಗ, ಅಪ್ಪನದನ್ನು ಗುಜರಿಗೆ ಹಾಕಬೇಡ, ಮನೆಯ ಹಿಂದೆ ಏಳು ಗುಂಟೆ ಜಾಗವಿದೆ, ನನಗೆ ಕಳಿಸು ಎಂದು ಬರೆದಿದ್ದೆ. ನೀನು ಉತ್ತರ ಬರೆಯಲಿಲ್ಲ. ಗಾಡಿಯನ್ನೇ ಕಳಿಸಿದೆ. ನಮ್ಮ ಮನೆಯವರು ತೀರಿಕೊಂಡು ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನಿನ್ನ ಕಡೆಯಿಂದ ಬಂದದ್ದು ಇದೊಂದೇ. ಮದುವೆಯಾದಂದಿನಿಂದ ಪ್ರತಿ ಪಂಚಮಿಗೂ ನನ್ನನ್ನು ಕರೆದೊಯ್ಯಲು ಬರುತ್ತಿದ್ದವನು, ಮೂರು ಪಂಚಮಿಗೆ ಬರಲಿಲ್ಲ. ನಿಮ್ಮೂರ ಕಿರಾಣಿ ಅಂಗಡಿಯ ಫೋನಿಗೆ ಮಾಡಿದರೆ ಓಡಿ ಬಂದು ‘ಹೂಂ, ಆರಾಮ’ ಎನ್ನುತ್ತೀ. ಅಷ್ಟರಲ್ಲಿ ಮೂರು ನಿಮಿಷ ಮುಗಿದಿರುತ್ತದೆ.

ಇರಲಿ. ಗಾಡಿ ಚಾಲೂ ಆಗುತ್ತಿಲ್ಲ. ಕೀಲಿ ತಿರುಗಿಸಿದರೆ ಗುರುಗುಟ್ಟಿ ಸುಮ್ಮನಾಗುತ್ತದೆ. ಏನು ಮಾಡಬೇಕೋ ಬರಿ.

ಶೈಲಾ


ತಿಕೋಟಾ, ಬಿಜಾಪುರ
2 ಜುಲೈ 1999

ಶೈಲಾ,

ಪತ್ರ ಮುಟ್ಟಿತು. ಅಪ್ಪ ಹಾಡಿದ್ದು ನನಗ ನೆನಪಿಲ್ಲ. ಬೈದದ್ದಷ್ಟ ನೆನಪದ.

ಗಾಡೀದು ತಪ್ಪಿಲ್ಲ. ಲಾರಿ ಏರಿಸೂ ಮುಂದ ನಾನ ಡೀಸೆಲ್ ತಗದಿದ್ದೆ. ಪೈಪಿನ್ಯಾಗ ಗಾಳಿ ಹೊಕ್ಕದ. ಟಾಕಿ ತುಂಬಸು. ಫಿಲ್ಟರಿನ ಮ್ಯಾಲ ಸಣ್ಣ ಸ್ಕ್ರೂ ಅದ, ಎರಡು ಸುತ್ತು ಸಡ್ಲ ಮಾಡು. ಬಾಜೂಕ ಕೈಪಂಪು ಅದ, ಒತ್ತಕೋತ ಇರು. ಮೊದಲ ನೊರಿ ಬರ್ತದ. ನೊರಿ ನಿಂತು ಬರೇ ಡೀಸೆಲ್ ಬಂದ ಕೂಡ್ಲೆ ಸ್ಕ್ರೂ ಬಿಗಿ ಮಾಡು. ನೊರಿ ಇರೂತನಕ ಬಿಗಿ ಮಾಡಬ್ಯಾಡ. ಅವಸರ ಮಾಡಬ್ಯಾಡ. ಆಮ್ಯಾಲ ಕೀಲಿ ತಿರುವು.

ಕೈ ಜ್ವಾಕಿ. ಇಲ್ಲಿ ಮಳಿ ಅಷ್ಟಕ್ಕಷ್ಟ. ನಿಮ್ಮ ವೈನಿ ಶಿವಬಸವ್ವ ಕೇಳ್ಯಾಳ.

ಸಿದ್ಧಾರೂಢ


ವಾಕಡ
14 ಜುಲೈ 1999

ಅಣ್ಣಾ,

ನಿನ್ನ ಅಕ್ಷರ ನೋಡಿ ಎಷ್ಟು ದಿನವಾಗಿತ್ತು! ‘ಡ’ದ ಹೊಟ್ಟೆ ಮೊದಲಿನಷ್ಟೇ ದಪ್ಪ ಬರೆಯುತ್ತೀ.

ನೀನು ಹೇಳಿದಂತೆಯೇ ಮಾಡಿದೆ. ನೊರೆ ಬಂತು, ನಿಂತಿತು, ಬಿಗಿ ಮಾಡಿದೆ. ಆದರೂ ಚಾಲೂ ಆಗಲಿಲ್ಲ. ಇನ್ನೇನಾದರೂ ಇದ್ದರೆ ಬರಿ. ಸವಿಸ್ತಾರವಾಗಿ ಬರಿ. ನನಗೆ ಯಂತ್ರದ ಗಂಧ ಇಲ್ಲ.

ಪಕ್ಕದ ಹೊಲದ ಅನುಸೂಯಾ ದಿನಕ್ಕೊಮ್ಮೆ ಬಂದು ಇದನ್ನು ನೋಡಿ ಹೋಗುತ್ತಾಳೆ. ಅವಳ ತವರು ಅಕ್ಕಲಕೋಟೆಯ ಕಡೆ, ನನ್ನ ಜೊತೆ ಮಾತ್ರ ಕನ್ನಡ. “ಟೀಚರ್ ಬಾಯಿ, ಎರಡು ಖೋಲಿ ಮನಿಗೆ ಆನಿ ತಂದು ಕಟ್ಟೀರಲ್ರಿ! ನಮ್ಮ ಮಾಲಕರು ಆವಾಜ್ ಕೇಳಿ ಉಣ್ಣೂ ತಾಟು ಬಿಟ್ಟು ಎದ್ದು ಬಂದ್ರು,” ಎಂದು ಗಂಡನ ಸುದ್ದಿ ಹೇಳಿ ನಗುತ್ತಾಳೆ.

ನಾನು ಶಾಲೆಯಿಂದ ಬರುವಾಗ ಐದು ಗಂಟೆ. ಚಪ್ಪಲಿ ಬಿಡುವ ಮುಂಚೆ ಪತ್ರದ ಡಬ್ಬಿ ನೋಡುತ್ತೇನೆ.

ಪಂಚಮಿ ಹತ್ತಿರ ಬಂತು.

ಶೈಲಾ


ತಿಕೋಟಾ
3 ಆಗಸ್ಟ್ 1999

ಶೈಲಾ,

ಚಾಲೂ ಆಗಲಿಲ್ಲಂದ್ರ ಆಶ್ಚರ್ಯ. ಬ್ಯಾಟರಿ ನೋಡು. ಎರಡೂ ತುದಿಗೆ ಬಿಳೀ ಬೂಷ್ಟು ಬಂದಿರತದ. ವಾಯರ್ ಬಿಚ್ಚಿ, ಬಿಸಿನೀರು ಹಾಕಿ ತೊಳದು, ಒರಸಿ, ಗ್ರೀಸ್ ಹಚ್ಚು. ಬಿಚ್ಚೂ ಮುಂದ ಕಪ್ಪು ವಾಯರ್ ಮೊದಲು, ಹಚ್ಚೂ ಮುಂದ ಕಡೀಕ. ಇದು ತಪ್ಪಬಾರದು.

ಇನ್ನೊಂದು ಮಾತು. ಪಂಚಮಿ ದಿವಸ ಮಣ್ಣಿಗೆ ಕೈ ಹಚ್ಚಬ್ಯಾಡ. ಗಾಡಿ ಇಳಸಬ್ಯಾಡ. ಅವತ್ತ ನೆಲ ಅಗೀಬಾರದು, ನೀ ಪುಣೇದಾಗಿದ್ರೂ ಅಷ್ಟ.

ಸಿದ್ಧಾರೂಢ


ವಾಕಡ
2 ಅಕ್ಟೋಬರ್ 1999

ಅಣ್ಣಾ,

ತಡವಾಗಿ ಬರೆಯುತ್ತಿದ್ದೇನೆ. ಪಂಚಮಿಯ ದಿನ ಮಣ್ಣು ಮುಟ್ಟಲಿಲ್ಲ. ಮುಟ್ಟಬೇಡ ಎಂದು ಹೇಳಲು ಒಂದು ಪತ್ರ ಬರೆದವನು, ಬಾ ಎಂದು ಹೇಳಲು ಅದರಲ್ಲೇ ಒಂದು ಸಾಲು ಬರೆಯಲಿಲ್ಲವಲ್ಲ ಎಂದು ಆ ದಿನವೆಲ್ಲ ಅನಿಸಿತು. ಮುಖ್ಯ ರಸ್ತೆಯಲ್ಲಿ ಬಸ್ಸು ನಿಂತ ಸಪ್ಪಳ ಮನೆಗೆ ಕೇಳುತ್ತದೆ. ಕೇಳಿದಾಗಲೆಲ್ಲ ಗೇಟಿನ ಕಡೆ ನೋಡಿದೆ. ವಿಧವೆಯನ್ನು ಹಬ್ಬಕ್ಕೆ ಕರೆಯುವುದು ನಿಮ್ಮ ಮನೆಗೆ ಸರಿಹೋಗಲಿಕ್ಕಿಲ್ಲ. ಅದನ್ನು ನೀನು ಬಾಯಿಬಿಟ್ಟು ಹೇಳಿದ್ದರೆ ನಾನು ಗೇಟು ನೋಡುವುದನ್ನಾದರೂ ಬಿಡುತ್ತಿದ್ದೆ.

ಹಿತ್ತಲಲ್ಲಿ ಮೆಂತೆ, ಹಕ್ಕರಕಿ ಸೊಪ್ಪು ಬಂದಿವೆ. ಆಳು ಹಚ್ಚಿ ಅಗೆಸಿದೆ. ಒಬ್ಬಳಿಗೆ ಎಷ್ಟು ಬೇಕು? ಅರ್ಧ ಅನುಸೂಯಾಳ ಮನೆಗೆ ಹೋಗುತ್ತದೆ. ಬಸ್ಸಿನಲ್ಲಿ, ಮಂಡಿಯಲ್ಲಿ, ಬ್ಯಾಂಕಿನಲ್ಲಿ ಮರಾಠಿ ಮಾತಾಡಿ ಮನೆಗೆ ಬರುತ್ತೇನೆ. ಮನೆಯೊಳಗೆ ಮಾತಾಡಲು ಯಾರೂ ಇಲ್ಲವೆಂದು ಸಂಜೆ ಕವಿತೆಗಳನ್ನು ಗಟ್ಟಿಯಾಗಿ ಓದುತ್ತೇನೆ. ನನ್ನ ದನಿ ನನಗೇ ಕೇಳಲಿ ಎಂದು.

ಗಾಡಿ ಕಡೆಗೂ ಚಾಲೂ ಆಯಿತು. ಬ್ಯಾಟರಿಯದೇ ತೊಂದರೆ ಇತ್ತು. ಆದರೆ ಈಗ ಹಿಂದಿನ ಲಿಫ್ಟು ಏಳುತ್ತಿಲ್ಲ. ಕಲ್ಟಿವೇಟರ್ ನೆಲಕ್ಕೇ ಕೂತಿದೆ. ಏನು ಮಾಡಲಿ?

ಶೈಲಾ


ತಿಕೋಟಾ
25 ಅಕ್ಟೋಬರ್ 1999

ಶೈಲಾ,

ನಿನ್ನ ಪತ್ರ ಎರಡು ಸಲ ಓದಿದೆ.

ಲಿಫ್ಟಿಗೆ ಎಣ್ಣಿ ಕಡಿಮಿ ಆಗಿರತದ. ಸೀಟಿನ ಕೆಳಗ ಮುಚ್ಚಳ ಅದ, ಅದಕ್ಕ ಕಡ್ಡಿ ಅದ. ಕಡ್ಡಿ ಒರಸಿ ಅದ್ದಿ ನೋಡು. ಮ್ಯಾಲಿನ ಗೆರಿತನಕ ಎಣ್ಣಿ ಬೇಕು.

ಇನ್ನ ಇದು ಲಕ್ಷ್ಯ ಕೊಟ್ಟು ಓದು. ಏಳು ಗುಂಟೇದಾಗ ಆ ಗಾಡಿ ತಿರುಗೂದಿಲ್ಲ. ತಿರುಗಸಾಕ ಹೋದ್ರ ಗ್ವಾಡಿ ಬೀಳತದ, ಇಲ್ಲಾ ನೀ ಬೀಳ್ತಿ. ಒಂದ ದಿಕ್ಕಿಗೆ ಹರಗು. ಗ್ವಾಡಿ ಮುಟ್ಟೂ ಮೊದಲ ಲಿಫ್ಟ್ ಎತ್ತು. ಹಂಗ ಹಿಂದಕ್ಕ ಬಾ, ಮೊದಲಿನ ಜಾಗಾಕ. ಮತ್ತ ಅಲ್ಲಿಂದನ ಶುರು ಮಾಡು. ಡೀಸೆಲ್ ದುಪ್ಪಟ್ಟು ಹೋಗತದ, ಹೋಗ್ಲಿ. ಹಿಂದ ಬರೂ ಮುಂದ ಕುತ್ತಿಗಿ ತಿರುವಿ ಕಣ್ಣಿಂದ ನೋಡಿ ಬಾ. ಅಂದಾಜಲೆ ಬರಬ್ಯಾಡ.

ಹಿತ್ತಲಾಗ ಬಿಸಲು ಎಷ್ಟೊತ್ತು ಇರತದ? ಭಾಂವಿ ಅದನೋ ನಳಾನೋ? ಇದರ ಜೋಡಿ ಚೀಟ್ಯಾಗ ಪುಂಡಿ ಬೀಜ ಕಳಸೀನಿ. ಪುಣೇದಾಗ ಆ ಪಲ್ಯ ಸಿಗಲಿಕ್ಕಿಲ್ಲ.

ಸಿದ್ಧಾರೂಢ


ವಾಕಡ
12 ಜನವರಿ 2000

ಅಣ್ಣಾ,

ಪುಂಡಿ ಮೊಳಕಾಲುದ್ದ ಬಂದಿದೆ. ನಿನ್ನೆ ಮೊದಲ ಸಲ ಕಿತ್ತು ಪಲ್ಯ ಮಾಡಿದೆ. ತಾಟು ಬಳಿದು ಉಂಡೆ. ಭಾವಿ ಇಲ್ಲ, ನಳ. ಬಿಸಿಲು ಎರಡು ಗಂಟೆಯ ತನಕ ಇರುತ್ತದೆ. ಇದನ್ನು ಕೇಳಿದವನು ನೀನೊಬ್ಬನೇ.

ಲಿಫ್ಟು ಸರಿಯಾಯಿತು. ಈಗ ಬೇರೆಯದೇ ರೋಗ. ರೇಡಿಯೇಟರ್ ಸೋರುತ್ತಿದೆ. ಬೆಳಗ್ಗೆ ನೀರು ತುಂಬಿಸಿದರೆ ಸಂಜೆಗೆ ಖಾಲಿ. ಕೆಳಗೆ ಮಣ್ಣೆಲ್ಲ ಒದ್ದೆ. ಇಲ್ಲಿಯ ಮಿಸ್ತ್ರಿಗಳು ಬಿಚ್ಚಿದರೆ ಮತ್ತೆ ಜೋಡಿಸುವುದಿಲ್ಲ. ನೀನೇ ಹೇಳು.

ಶೈಲಾ


ತಿಕೋಟಾ
27 ಜನವರಿ 2000

ಶೈಲಾ,

ರೇಡಿಯೇಟರ್ ಸೋರೂದು ದೊಡ್ಡ ರೋಗ ಅಲ್ಲ. ಮಿಸ್ತ್ರಿ ಕಡೆ ಹೋಗಬ್ಯಾಡ. ಗಾಡಿ ಆರಿದ ಮ್ಯಾಲ ಮುಚ್ಚಳ ತಗದು, ನೀರಾಗ ಎರಡು ಚಮಚ ಅರಿಷಿಣ ಪುಡಿ ಹಾಕು. ಚಾಲೂ ಮಾಡಿ ಹತ್ತು ನಿಮಿಷ ಬಿಡು. ಅರಿಷಿಣ ಹೋಗಿ ತೂತಿನ್ಯಾಗ ಕುಂತು ತಾನ ಮುಚ್ಚತದ. ಎರಡು ದಿವಸ ನೋಡು. ನಿಂತ್ರೂ ಬರಿ, ನಿಲ್ಲಲಿಲ್ಲಂದ್ರೂ ಬರಿ. ಇನ್ನೂ ಉಪಾಯ ಅವ.

ಪುಂಡಿ ಪೂರಾ ಕೀಳಬ್ಯಾಡ. ನಾಕು ಗಿಡ ಬೀಜಕ್ಕ ಬಿಡು.

ಸಿದ್ಧಾರೂಢ

ಶೈಲಾ, ಇವರು ಲಕೋಟಿ ಅಂಟಸೂದ್ರಾಗ ಕಸಗೊಂಡು ನಾ ಶಿವಬಸವ್ವ ಬರೀಲಿಕತ್ತೀನಿ. ನಿನ್ನ ಪತ್ರ ಓದಿ ತಮ್ಮಷ್ಟಕ್ಕ ತಾವ ನಕ್ಕೋತ ಕುಂತಿದ್ರು. ಯಾಕ ಅಂದ್ರ ಹೇಳವಲ್ರು. ಈ ಮನಷ್ಯಾ ನಕ್ಕದ್ದು ನೋಡಿ ಭಾಳ ದಿವಸ ಆಗಿತ್ತು, ಅದಕ್ಕ ನಿನಗ ತಿಳಸೀನಿ.

ಇನ್ನೊಂದು ನಿನಗ ಗೊತ್ತಿಲ್ಲ. ನಿಮ್ಮ ಮನಿಯವರು ತೀರಿಕೊಂಡ ವರ್ಷ ಪಂಚಮಿಗೆ ಇವರು ನಿನ್ನ ಕರೀಲಿಕ್ಕೆ ಅಂತ ಹೊಂಟು ಸೋಲಾಪುರ ಸ್ಟ್ಯಾಂಡಿನಿಂದ ತಿರುಗಿ ಬಂದ್ರು. ಹಬ್ಬದ ದಿವಸ ಓಣ್ಯಾಗಿನ ಹೆಣ್ಣಮಕ್ಕಳು ಬಂದು ಎಲ್ಲಾರಿಗೂ ಅರಿಷಿಣ ಕುಂಕುಮ ಹಚ್ಚಿ ನನ್ನ ತಂಗಿ ಒಬ್ಬಾಕಿನ್ನ ದಾಟಿ ಹೋದ್ರ ನಾ ಹೆಂಗ ನೋಡ್ಲಿ ಅಂದ್ರು. ಪತ್ರ ಬರೀಲಿಕ್ಕೂ ಕೂಡತಿದ್ರು. ಮೊದಲಿನಂಗ ‘ಚಿ. ಸೌ.’ ಅಂತ ಬರ್ಯಾಕ ಹೋಗಿ ಕೈ ನಿಂತು, ಹಾಳಿ ಹರದು ಒಗೀತಿದ್ರು. ಹಂಗ ಮೂರು ವರ್ಷ ಹೋತು. ನಾ ಹೇಳೀನಿ ಅಂತ ಬರೀಬ್ಯಾಡ ಮತ್ತ.


ವಾಕಡ
20 ಫೆಬ್ರವರಿ 2000

ಅಣ್ಣಾ,

ನಿನ್ನೆ ಶನಿವಾರ, ಅರ್ಧ ದಿನದ ಶಾಲೆ. ಮನೆಗೆ ಬಂದು ಅರಿಶಿನದ ಡಬ್ಬಿ ಹಿಡಿದು ಟ್ರ್ಯಾಕ್ಟರಿನ ಮುಂದೆ ನಿಂತೆ. ಅರಿಶಿನ ಹಾಕಲಿಕ್ಕಲ್ಲ. ಎಲ್ಲಿ ಹಾಕುತ್ತಾರೆಂದು ನೋಡಿಕೊಂಡರೆ, ಹಾಕಿದೆ, ನಿಲ್ಲಲಿಲ್ಲ ಎಂದು ಮುಂದಿನ ಪತ್ರ ನಂಬುವ ಹಾಗೆ ಬರೆಯಬಹುದಲ್ಲ ಎಂದು. ಬಾನೆಟ್ ಎತ್ತಿದೆ. ನೀರಿನ ಮುಚ್ಚಳ ಹುಡುಕಿದೆ. ಒಂದು ಪಂಖಾ ಇತ್ತು, ಅದರ ಹಿಂದೆ ಕಬ್ಬಿಣದ ಪದರು ಪದರು ಇತ್ತು. ಮುಚ್ಚಳವಿರಲಿಲ್ಲ. ರೇಡಿಯೇಟರೇ ಇರಲಿಲ್ಲ.

ಇದು ಗಾಳಿಗೇ ಆರುವ ಎಂಜಿನ್ನು. ಅಪ್ಪ ಇದನ್ನು ತಂದ ದಿನದಿಂದ ಒಂದು ತಂಬಿಗೆ ನೀರನ್ನೂ ಇದು ಕುಡಿದಿಲ್ಲ. ಮಡ್‌ಗಾರ್ಡಿನ ಮೇಲೆ ಅಷ್ಟು ವರ್ಷ ಕೂತಿದ್ದೂ ನಾನು ಅದನ್ನು ಗಮನಿಸಿರಲಿಲ್ಲ. ಅನುಸೂಯಾಳ ಗಂಡ ತಮ್ಮ ಟ್ರ್ಯಾಕ್ಟರಿನ ರೇಡಿಯೇಟರ್ ಸೋರುವ ಬಗ್ಗೆ ಗೊಣಗುತ್ತಿದ್ದರು. ಆ ರೋಗವನ್ನು ಕದ್ದು ನಮ್ಮದಕ್ಕೆ ಹಚ್ಚಿದೆ. ನೀನು ಅದಕ್ಕೆ ಔಷಧ ಬರೆದೆ. ಎರಡು ಚಮಚ, ಹತ್ತು ನಿಮಿಷ ಎಂದು ಅಳತೆ ಸಮೇತ ಬರೆದೆ.

ಅಂದರೆ ನಿನಗೆ ಗೊತ್ತಿತ್ತು. ಎಂದಿನಿಂದ?

ಹೇಳಿಬಿಡುತ್ತೇನೆ. ಜುಲೈ ಹತ್ತಕ್ಕೆ, ನಿನ್ನ ಮೊದಲ ಪತ್ರ ಬಂದ ಮರುದಿನ, ನೊರೆ ನಿಂತ ಕೂಡಲೇ ಗಾಡಿ ಚಾಲೂ ಆಯಿತು. ಖುಷಿಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ನಿನಗೆ ಬರೆಯಲು ಕೂತಾಗ ಹೊಳೆಯಿತು: ಚಾಲೂ ಆಯಿತು ಎಂದು ಬರೆದರೆ, ಸರಿ ಎಂದು ನೀನು ಸುಮ್ಮನಾಗುತ್ತೀ. ಮತ್ತೆ ಮೂರು ವರ್ಷ. ಹಾಗಾಗಿ ಆಗಲಿಲ್ಲ ಎಂದು ಬರೆದೆ. ಬ್ಯಾಟರಿ ಸರಿಯಿತ್ತು. ಲಿಫ್ಟು ಸರಿಯಿತ್ತು. ಆಳು ಯಾರೂ ಅಗೆಯಲಿಲ್ಲ. ಅನುಸೂಯಾಳ ಗಂಡ ಕ್ಲಚ್ಚು, ಗೇರು ತೋರಿಸಿಕೊಟ್ಟರು, ಹರಗಿದ್ದು ನಾನೇ. ಗೋಡೆಗೆ ಎರಡು ಸಲ ಗುದ್ದಿದೆ. ನೀನು ಹಿಂದಕ್ಕೆ ಬರಲು ಹೇಳಿದ ಮೇಲೆ ಗುದ್ದಿಲ್ಲ. ಮೊದಲಿನ ನೊರೆಯದು ಬಿಟ್ಟರೆ, ನೀನು ಬರೆದ ಉಪಾಯಗಳಲ್ಲಿ ನನಗೆ ನಿಜವಾಗಿ ಬೇಕಾದದ್ದು ಅದೊಂದೇ, ಅದನ್ನು ಮಾತ್ರ ನಾನು ಕೇಳಿರಲಿಲ್ಲ.

ನನಗೆ ಇನ್ನೊಂದು ವಿಷಯವೂ ತಿಳಿದಿದೆ. ಯಾರು ಹೇಳಿದರೆಂದು ಕೇಳಬೇಡ. ಅಣ್ಣಾ, ನನಗೆ ಅರಿಶಿನ ಕುಂಕುಮ ಬೇಕಾಗಿರಲಿಲ್ಲ. ಯಾರು ದಾಟಿ ಹೋದರೂ ನಡೆಯುತ್ತಿತ್ತು. ಅಡುಗೆಮನೆಯಲ್ಲಿ ವೈನಿಯ ಪಕ್ಕ ಕೂತು ಶೇಂಗಾ ಹುರಿಯಬೇಕಿತ್ತು. ನೀನು ಹೊರಗಿನಿಂದ ಬಂದು, ಏನ್ ವಾಸನಿ ಅದು, ಹೊತ್ತಿಸೀರೇನು ಎಂದು ಬೈಯಬೇಕಿತ್ತು. ನೋಡಲಾರೆ ಎಂದು ನೀನು ಸೋಲಾಪುರದಿಂದ ತಿರುಗಿದೆ, ಬೇಡವಾದೆ ಎಂದು ನಾನು ಇಲ್ಲಿ ಕೂತೆ.

ಇನ್ನು ಮೇಲೆ ಈ ಗಾಡಿಗೆ ರೋಗ ಬರುವುದಿಲ್ಲ. ರೋಗವಿಲ್ಲದೆಯೂ ನೀನು ಬರೆಯಬಹುದೇ?

ಶೈಲಾ


ವಾಕಡ
18 ಜೂನ್ 2000

ಅಣ್ಣಾ,

ನಾಲ್ಕು ತಿಂಗಳಾಯಿತು. ಡಬ್ಬಿಯಲ್ಲಿ ವಿದ್ಯುತ್ ಬಿಲ್ಲು ಬರುತ್ತದೆ, ಶಾಲೆಯ ಸುತ್ತೋಲೆ ಬರುತ್ತದೆ.

ನಾನು ನಿಜ ಬರೆಯಬಾರದಿತ್ತೇನೋ. ಸುಳ್ಳಿನಲ್ಲಿ ನಮ್ಮಿಬ್ಬರಿಗೂ ಕೂಡಲು ಜಾಗವಿತ್ತು. ನಾನೇ ಎಬ್ಬಿಸಿದೆ. ನಿನಗೆ ಸಿಟ್ಟು ಬಂದಿದೆಯೋ, ನಾಚಿಕೆಯೋ ತಿಳಿಯುವುದಿಲ್ಲ. ಪತ್ರದಲ್ಲಿ ಮುಖ ಕಾಣುವುದಿಲ್ಲ.

ಮಳೆ ಶುರುವಾಗಿದೆ. ಹಿತ್ತಲು ಒಂದು ಸಲ ಹರಗಿದೆ. ಬದನೆ, ಚವಳಿಕಾಯಿ ಹಾಕಬೇಕು.

ಕ್ಲಚ್ಚು ಸ್ವಲ್ಪ ಜಾರುತ್ತದೆ. ಖರೆ ಹೇಳುತ್ತಿದ್ದೇನೆ.

ಇಲ್ಲ, ಜಾರುವುದಿಲ್ಲ.

ಶೈಲಾ


ವಾಕಡ
6 ಆಗಸ್ಟ್ 2000

ಅಣ್ಣಾ,

ಗಾಡಿ ಚಾಲೂ ಆಗುತ್ತಿಲ್ಲ. ಈ ಸಲ ನಾನು ಮಾಡಿದ್ದಲ್ಲ.

ಪಂಚಮಿಯ ಮುಂಚಿನ ದಿನಗಳಲ್ಲಿ ಮನೆಯಲ್ಲಿರಬಾರದು, ಬಸ್ಸಿನ ಸಪ್ಪಳಕ್ಕೆ ಕಿವಿಗೊಡಬಾರದು ಎಂದು ನಿಶ್ಚಯಿಸಿ ಗುರುವಾರ ನಸುಕಿಗೆ ಬೀಗ ಹಾಕಿ ಜೇಜುರಿಯ ಗುಡಿಗೆ ಹೋದೆ. ಯಾರಿಗೂ ಹೇಳಲಿಲ್ಲ. ಖಂಡೋಬಾನಿಗೆ ನಾನು ಹರಕೆ ಹೊತ್ತವಳಲ್ಲ. ನಮ್ಮ ಕಡೆಯ ಜನ ಬರುತ್ತಾರೆ, ನಾಲ್ಕು ಕನ್ನಡ ಮಾತು ಕಿವಿಗೆ ಬಿದ್ದಾವು ಎಂದು ಹೋದದ್ದು. ಮೆಟ್ಟಿಲ ಮೇಲೆ ಕೂತಿದ್ದೆ. ಬಾಗಲಕೋಟೆಯ ಕಡೆಯ ಮುದುಕಿಯೊಬ್ಬಳು ಮೈಯೆಲ್ಲ ಭಂಡಾರದ ಅರಿಶಿನ ಚೆಲ್ಲಿಕೊಂಡು ಪಕ್ಕಕ್ಕೆ ಬಂದು ಕೂತಳು. “ಒಬ್ಬಾಕೇ ಬಂದೀಯೇನವಾ? ಪಂಚಮಿಗೆ ತವರಿಗೆ ಹೋಗಲಿಲ್ಲೇನು?” ಎಂದಳು. “ಅಣ್ಣ ಬರಲಿಲ್ಲ ಆಯಿ,” ಎಂದೆ. ಹಾಗೆ ನಾನು ಹೇಳುತ್ತಿದ್ದಾಗ ನೀನು ಎಲ್ಲಿದ್ದೆ ಎಂದು ಈಗ ಲೆಕ್ಕ ಹಾಕುತ್ತೇನೆ.

ಧರ್ಮಶಾಲೆಯಲ್ಲಿ ಉಳಿದು ಶುಕ್ರವಾರ ಸಂಜೆ ಮನೆಗೆ ಬಂದೆ. ಕಟ್ಟೆಯ ಮೇಲೆ ಒಂದು ಗಂಟು. ವೈನಿಯ ಹಳೆಯ ಇಳಕಲ್ ಸೀರೆಯ ತುಂಡು. ಒಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಉಂಡಿ, ಜೋಳದ ಅಳ್ಳು. ಟ್ರ್ಯಾಕ್ಟರಿನ ಮೇಲಿನ ತಾಡಪತ್ರಿ ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಇಟ್ಟಿತ್ತು. ನಾನು ಎಂದೂ ಅಷ್ಟು ಚೆಂದ ಮಡಚುವುದಿಲ್ಲ. ಬಾಗಿಲಲ್ಲೇ ಗಂಟು ಹಿಡಿದು ನಿಂತಿದ್ದೆ. ಅನುಸೂಯಾ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಳ್ಳುತ್ತ ಓಡಿ ಬಂದಳು. ಅವಳು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ:

“ಎಲ್ಲಿ ಹೋಗಿದ್ರಿ ಬಾಯಿ, ಒಂದು ಮಾತು ಹೇಳಬಾರದೇನ್ರಿ? ನಿಮ್ಮ ಅಣ್ಣಾರು ಬಂದಿದ್ರು ನಿನ್ನಿ. ಪಂಚಮಿಗೆ ಕರೀಲಿಕ್ಕೆ ಬಂದೀನಿ ಅಂದ್ರು. ಐದು ತಾಸು ಈ ಕಟ್ಟಿ ಮ್ಯಾಲ ಕುಂತ್ರು. ಮೊದಲ ಒಂದು ಚಿಠ್ಠಿ ಹಾಕಿ ಬರಬೇಕಿಲ್ರಿ ಅಂದ್ರ, ಭಾಳ ಹಾಳಿ ಹರದೆ, ಏನ ಬರೀಬೇಕು ತಿಳೀಲಿಲ್ಲ, ಬಂದಬಿಟ್ಟೆ ಅಂದ್ರು. ಒಳಗ ಬರ್ರಿ ಅಂದ್ರ ಒಲ್ಲೆ ಅಂದ್ರು, ಚಹಾ ಅಷ್ಟ ಕುಡದ್ರು. ಹಿತ್ತಲೆಲ್ಲಾ ಅಡ್ಡಾಡಿ ನೋಡಿದ್ರು. ನೀವು ನಮ್ಮ ಮನ್ಯಾಗ ಇಟ್ಟಿರೂ ಗಾಡಿ ಕೀಲಿ ನನ್ನ ಕಡಿಂದ ಇಸಗೊಂಡು ಗಾಡಿ ಚಾಲೂ ಮಾಡಿದ್ರು, ಒಂದ ಸಲಕ್ಕ ಆತು. ಸೀಟಿನ ಮ್ಯಾಲ ಕುಂತು ಅದರ ಸಪ್ಪಳ ಕೇಳಕೋತ ಹಂಗ ಇದ್ರು. ಆಮ್ಯಾಲ ಸಂಜಿ ಬಸ್ಸಿನ ವ್ಯಾಳ್ಯಾ ಆತು, ಮನ್ಯಾಗ ಹಬ್ಬ ಅದ, ಹೋಗಬೇಕು ಅಂದ್ರು. ಗಾಡಿ ಬಂದ್ ಮಾಡಿ, ಪಾನಾ ತಗೊಂಡು, ಒಳಗಿಂದ ಏನೋ ಒಂದು ಸಣ್ಣದು ಬಿಚ್ಚಿ, ಒರಸಿ, ಅಂಗಿ ಕಿಸೇದಾಗ ಹಾಕ್ಕೊಂಡ್ರು. ನಾ ಗಾಬರಿ ಆಗಿ, ‘ಅಯ್ಯ ಅಣ್ಣಾರ, ಅದನ್ನ ಒಯ್ದ್ರ ಗಾಡಿ ಹೆಂಗ ಚಾಲೂ ಆದೀತ್ರಿ?’ ಅಂದೆ. ‘ಆಗಬಾರದವಾ. ಅಕಿ ಬಂದ ಕೂಡ್ಲೆ ಹೇಳು, ಗಾಡಿ ಖರೇನ ಕೆಟ್ಟದ, ಅಣ್ಣಗ ಪತ್ರ ಬರಿ ಅಂತ,’ ಅಂದ್ರು.”